ಕುದುರೆ ವ್ಯಾಪಾರಿ ಬರೆದ ನಮ್ಮೂರಿನ ಲೆಕ್ಕ

ಮೇ ತಿಂಗಳಲ್ಲಿ ರಾಯಚೂರಿನ ಗಂಜ್‌ನಲ್ಲಿ ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಯಾರೂ ಯಾರ ಜೊತೆಗೂ ಮಾತಾಡೋದಿಲ್ಲ. ಹತ್ತಿ ಬರುವ ದಿನಗಳ ಗದ್ದಲ ಇರೋದಿಲ್ಲ. ಹಮಾಲರು ಚೀಲಗಳ ನೆರಳಿನಲ್ಲಿ ಮಲಗಿರುತ್ತಾರೆ, ಸಾವ್ಕಾರ್ರು ಊಟಕ್ಕೆ ಮನೆಗೆ ಹೋಗಿರುತ್ತಾರೆ, ಫ್ಯಾನ್ ಬಿಸಿಗಾಳಿಯನ್ನೇ ತಿರುಗಿಸುತ್ತಿರುತ್ತದೆ. ನಾನು ಇಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಈ ಮೂರು ತಾಸು ನನ್ನ ಓದಿನ ಹೊತ್ತು.

ಈಗ ಮೂರು ಪುಸ್ತಕ ಒಟ್ಟಿಗೆ ನಡೆದಿವೆ. ಮೇಜಿನ ಮೇಲೆ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು', ಫೋನಿನಲ್ಲಿ ರಾಬರ್ಟ್ ಸೆವೆಲ್ ಬರೆದ 'ಎ ಫರ್ಗಾಟನ್ ಎಂಪೈರ್', ಇನ್ನು ಮನೆಯಲ್ಲಿ ಅವ್ವ ಬೆಳಿಗ್ಗೆ ಓದುವ 'ಹರಿಕಥಾಮೃತಸಾರ'. ಕೊನೆಯದನ್ನು ನಾನು ಓದುತ್ತಿಲ್ಲ, ಕೇಳುತ್ತಿದ್ದೇನೆ. ಬರೆದ ಜಗನ್ನಾಥದಾಸರು ನಮ್ಮ ಮಾನ್ವಿ ತಾಲ್ಲೂಕಿನ ಬ್ಯಾಗವಾಟದವರು. ಭಾಮಿನಿ ಷಟ್ಪದಿಯ ನಡೆ ಹೇಗಿದೆ ಅಂದರೆ ಅರ್ಥ ಪೂರ್ತಿ ಗೊತ್ತಾಗದಿದ್ದರೂ ಸ್ಕೂಟರ್ ಓಡಿಸುವಾಗ ಅದೇ ತಾಳ ತಲೆಯಲ್ಲಿ ಇರುತ್ತದೆ. ಅದರ ಬಗ್ಗೆ ಜಾಸ್ತಿ ಹೇಳುವಷ್ಟು ನಾನು ಇನ್ನೂ ಒಳಗೆ ಹೋಗಿಲ್ಲ.

ಮದುಮಗಳಿಗೆ ಮೊದಲ ನೂರು ಪುಟ ಕಷ್ಟಪಟ್ಟೆ. ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಸಿಂಬಾವಿ ಅಂತ ಊರುಗಳು, ಒಂದೊಂದು ಮನೆಯಲ್ಲೂ ಹತ್ತಾರು ಜನ. ಕೊನೆಗೆ ಹಳೇ ರೋಜು ಪುಸ್ತಕದ ಹಿಂದಿನ ಹಾಳೆಯಲ್ಲಿ ಮನೆಗೊಂದು ಖಾತೆ ತೆರೆದು ಹೆಸರು ಬರೆದಿಟ್ಟುಕೊಂಡೆ. ಆಮೇಲೆ ಓದು ಓಡಿತು. ಗುತ್ತಿ ಮತ್ತು ಅವನ ನಾಯಿ ಹುಲಿಯ ಬಂದಾಗಲೆಲ್ಲ ನನಗೆ ಖುಷಿ. ಈ ಪುಸ್ತಕ ಯಾರಿಗಾದರೂ ನಿಧಾನ ಅನ್ನಿಸಿ ಬಿಟ್ಟಿದ್ದರೆ, ಬಿಡಬೇಡಿ, ಒಂದು ಹಾಳೆ ಪೆನ್ನು ಇಟ್ಟುಕೊಂಡು ಮತ್ತೆ ಶುರು ಮಾಡಿ ಅಂತಲೇ ನಾನು ಹೇಳೋದು. ಆದರೆ ಆ ಮಳೆ! ಪುಟ ಪುಟಕ್ಕೂ ಮಳೆ, ಕೆಸರು, ಹಳ್ಳ, ಉಂಬಳ. ಕಾಡು ಯಾವಾಗಲೂ ಒದ್ದೆ. ಇಲ್ಲಿ ನಾನು ಬಾಟಲಿಯ ನೀರು ಬಿಸಿಯಾಗಿದೆ ಅಂತ ಮಣ್ಣಿನ ಗಡಿಗೆ ಹತ್ತಿರ ಎದ್ದು ಹೋಗುತ್ತಿರುತ್ತೇನೆ.

ಅದಕ್ಕೇ ಏನೋ, ಈ ಬೇಸಿಗೆಯಲ್ಲಿ ನನ್ನನ್ನು ಪೂರ್ತಿ ಹಿಡಿದಿದ್ದು ಸೆವೆಲ್ ಪುಸ್ತಕ.

ಇದು ವಿಜಯನಗರದ ಇತಿಹಾಸ, 1900ರಲ್ಲಿ ಬಂದದ್ದು. ಕಾಪಿರೈಟ್ ಮುಗಿದಿದೆ, ಇಂಟರ್ನೆಟ್ಟಿನಲ್ಲಿ ಸುಮ್ನೆ ಸಿಗುತ್ತದೆ. ನನ್ನ ಇಂಗ್ಲಿಷ್ ನಿಧಾನ, ದಿನಕ್ಕೆ ಐದಾರು ಪುಟ. ಸೆವೆಲ್ ಬರೆದ ಇತಿಹಾಸ ಒಂದು ಭಾಗ. ಅದಕ್ಕಿಂತ ದೊಡ್ಡ ಆಸ್ತಿ ಅಂದರೆ ಕೊನೆಯಲ್ಲಿ ಅನುವಾದ ಮಾಡಿ ಕೊಟ್ಟಿರುವ ಇಬ್ಬರು ಪೋರ್ಚುಗೀಸರ ಬರಹ. ಪ್ಯಾರಿಸ್ಸಿನಲ್ಲಿದ್ದ ಹಸ್ತಪ್ರತಿಯನ್ನು ಡೇವಿಡ್ ಲೋಪೆಸ್ ಅನ್ನುವವರು 1897ರಲ್ಲಿ ಅಚ್ಚು ಮಾಡಿಸಿದ್ದರು. ಅದರಲ್ಲಿ ಡೊಮಿಂಗೊ ಪಾಯೆಸ್ ಬರೆದದ್ದು ಹಂಪಿ ಸುತ್ತಾಡಿದವರಿಗೆಲ್ಲ ಗೊತ್ತು, ಗೈಡುಗಳೂ ಅವನ ಮಾತು ಹೇಳುತ್ತಾರೆ. ಇನ್ನೊಬ್ಬ ಫೆರ್ನಾವೊ ನೂನಿಜ್. ಇವನು ಕುದುರೆ ವ್ಯಾಪಾರಿ. 1535ರ ಆಸುಪಾಸಿನಲ್ಲಿ ವಿಜಯನಗರದಲ್ಲಿದ್ದವನು. ಪಾಯೆಸ್ ನೋಡುತ್ತಾನೆ, ನೂನಿಜ್ ಎಣಿಸುತ್ತಾನೆ. ನನಗೆ ನೂನಿಜ್ ಹತ್ತಿರದವನು.

ಯಾಕೆ ಅಂದರೆ ಅವನು ಬರೆದದ್ದು ನಮ್ಮ ರಾಯಚೂರಿನ ಯುದ್ಧ. ಶಾಲೆಯಲ್ಲಿ ನಾವು ಓದಿದ್ದು ಒಂದೇ ಸಾಲು, ಕೃಷ್ಣದೇವರಾಯ ಬಿಜಾಪುರದ ಆದಿಲ್ ಶಾಹಿಯನ್ನು ಸೋಲಿಸಿ ರಾಯಚೂರು ಗೆದ್ದ. ಯಾಕೆ ಯುದ್ಧ ಆಯಿತು ಅಂತ ಯಾರೂ ಹೇಳಿರಲಿಲ್ಲ. ನೂನಿಜ್ ಹೇಳುತ್ತಾನೆ: ರಾಯರು ಒಬ್ಬ ವ್ಯಾಪಾರಿಗೆ 40,000 ಪರದಾವೊ (ಆಗಿನ ಚಿನ್ನದ ನಾಣ್ಯ) ಕೊಟ್ಟು ಗೋವಾದಿಂದ ಕುದುರೆ ತರಲು ಕಳಿಸಿದರು, ಅವನು ದುಡ್ಡು ತೆಗೆದುಕೊಂಡು ಆದಿಲ್ ಶಾಹಿ ಕಡೆ ಓಡಿಹೋದ. ಅವನನ್ನೂ ದುಡ್ಡನ್ನೂ ವಾಪಸ್ ಕಳಿಸಿ ಅಂದರೆ ಆ ಕಡೆಯವರು ಕಳಿಸಲಿಲ್ಲ. ಅಷ್ಟೇ. ಕೃಷ್ಣಾ ತುಂಗಭದ್ರೆ ನಡುವಿನ ಈ ರಾಯಚೂರು ದೋಆಬಿಗಾಗಿ ಹಳೇ ಜಗಳ ಇದ್ದೇ ಇತ್ತು, ನಿಜವಾದ ಕಾರಣ ಅದೇ ಇರಬಹುದು. ಆದರೆ ಕಿಡಿ ಹತ್ತಿದ್ದು ಮುಳುಗಿದ ಒಂದು ಮುಂಗಡದಿಂದ.

ಇದನ್ನು ಓದಿದ ದಿನ ನಾನು ಫೋನ್ ಕೆಳಗಿಟ್ಟು ಸುಮಾರು ಹೊತ್ತು ಕೂತಿದ್ದೆ. ನಾಲ್ಕು ವರ್ಷದ ಹಿಂದೆ ನಮ್ಮ ಅಂಗಡಿಯಿಂದಲೇ ಒಬ್ಬ ಹತ್ತಿ ಖರೀದಿಗೆ ಅಂತ ಅಡ್ವಾನ್ಸ್ ಒಯ್ದು ಊರು ಬಿಟ್ಟ. ಆ ಖಾತೆಯ ಬಾಕಿಯನ್ನು ಪ್ರತಿ ವರ್ಷ ಹೊಸ ಪುಸ್ತಕಕ್ಕೆ ಇಳಿಸುವವನು ನಾನೇ. ಬರೆಯುವಾಗ ಪ್ರತಿ ಸಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ, ಯಾಕೆಂದರೆ ಆ ದುಡ್ಡಿನಲ್ಲಿ ಅಂಗಡಿಯದಷ್ಟೇ ಅಲ್ಲ, ರೈತರಿಗೆ ಕೊಡಬೇಕಾದದ್ದೂ ಇತ್ತು. ಐನೂರು ವರ್ಷದ ಹಿಂದಿನ ಆ 40,000 ನನಗೆ ಬರೀ ಅಂಕಿಯಾಗಿ ಕಾಣಲಿಲ್ಲ.

ಇನ್ನು ನೂನಿಜ್ ಕೊಡುವ ಸೈನ್ಯದ ಲೆಕ್ಕ. ಕಾಲಾಳು 7,03,000, ಕುದುರೆ 32,600, ಆನೆ 551. ಇಷ್ಟು ಕರಾರುವಾಕ್ಕಾಗಿ ಹೇಳಿದರೆ ನಂಬಬೇಕು ಅನ್ನಿಸುತ್ತದೆ. ನಾನು ನಂಬೋದಿಲ್ಲ. ದಾಸ್ತಾನು ಪುಸ್ತಕ ನೋಡುವವನಿಗೆ ಒಂದು ಅಭ್ಯಾಸ ಇರುತ್ತದೆ, ಬಂದ ಮಾಲಿಗೂ ಹೋದ ಮಾಲಿಗೂ ತಾಳೆ ನೋಡೋದು. ಏಳು ಲಕ್ಷ ಜನಕ್ಕೆ ಜೋಳ ಎಷ್ಟು ಬೇಕು? ಕುದುರೆ ಆನೆಗೆ ಮೇವು? ಹಂಪಿಯಿಂದ ಇಲ್ಲಿಯ ತನಕ ಈ ಎರೆಹೊಲದ ಬಯಲಿನಲ್ಲಿ, ಬೇಸಿಗೆ ಬರುವ ಹೊತ್ತಿಗೆ? ತಾಳೆ ಆಗೋದಿಲ್ಲ. ಅವನೇನು ಸುಳ್ಳು ಹೇಳಬೇಕು ಅಂತ ಬರೆದಿರಲಿಕ್ಕಿಲ್ಲ. ಯುದ್ಧ ಮುಗಿದು ಹದಿನೈದು ವರ್ಷದ ಮೇಲೆ, ಕೇಳಿದ್ದನ್ನು ಬರೆದವನು. ಇಸವಿಯನ್ನೂ 1522 ಅಂತ ಬರೆದಿದ್ದಾನೆ. ಸೆವೆಲ್ ಬೇರೆ ಬೇರೆ ದಾಖಲೆ ಪಕ್ಕಪಕ್ಕ ಇಟ್ಟು, ಅಮಾವಾಸ್ಯೆ ಶನಿವಾರ ಎಲ್ಲ ಲೆಕ್ಕ ಹಾಕಿ, ಅದು 1520ರ ಮೇ 19 ಇರಬೇಕು ಅಂತ ತೀರ್ಮಾನಿಸುತ್ತಾನೆ. ನಾಲ್ಕು ಚೀಟಿ ಹುಡುಕಿ ಒಂದು ತಪ್ಪು ತಾರೀಖು ಸರಿಪಡಿಸುವ ಆ ಪುಟಗಳನ್ನು ನಾನು ಎರಡು ಸಲ ಓದಿದೆ. ಬಹಳ ಜನಕ್ಕೆ ಬೇಸರ ಬರಬಹುದು. ನನಗೆ ಇಡೀ ಪುಸ್ತಕದಲ್ಲಿ ಸೆವೆಲ್ ಮೇಲೆ ಗೌರವ ಬಂದದ್ದು ಅಲ್ಲಿಯೇ.

ಆದರೆ ನೋಡಿ, ಅದೇ ನೂನಿಜ್ ಅದೇ ಸೈನ್ಯದ ಬಗ್ಗೆ ಇನ್ನೊಂದು ಮಾತು ಹೇಳುತ್ತಾನೆ. ದಾರಿಯಲ್ಲಿ ಒಂದು ನದಿ ಬಂತು, ನೀರು ಮೊಣಕಾಲಿನ ಅರ್ಧದ ತನಕ ಇತ್ತು. ಅರ್ಧ ಜನ ದಾಟುವಷ್ಟರಲ್ಲಿ ಒಂದು ಹನಿಯೂ ಉಳಿಯಲಿಲ್ಲ, ಹಿಂದೆ ಬಂದವರು ಮರಳಿನಲ್ಲಿ ಗುಂಡಿ ತೋಡಿ ನೀರು ತೆಗೆದರು. ಇದನ್ನು ನಾನು ಪೂರ್ತಿ ನಂಬುತ್ತೇನೆ. ಅಜ್ಜಿ ಊರು ತುಂಗಭದ್ರೆಯ ದಡದಲ್ಲಿ. ಬೇಸಿಗೆ ರಜೆಯಲ್ಲಿ ಹೊಳೆಗೆ ಹೋದರೆ ಹೊಳೆಯೇ ಇರುತ್ತಿರಲಿಲ್ಲ, ಬರೀ ಮರಳು. ಅಜ್ಜಿ ಕೂತು ಎರಡೂ ಕೈಯಿಂದ ವರತಿ ತೋಡುತ್ತಿದ್ದಳು. ಮೊದಲು ಮರಳು ಒದ್ದೆಯಾಗುತ್ತದೆ, ಆಮೇಲೆ ತಳದಲ್ಲಿ ಕೆಂಪು ನೀರು ಜಿನುಗುತ್ತದೆ, ಅದನ್ನು ಎರಡು ಸಲ ಚೆಲ್ಲಬೇಕು, ಮೂರನೇ ಸಲ ತಿಳಿ. ತೆಂಗಿನ ಚಿಪ್ಪಿನಿಂದ ತುಂಬಿ ಕೊಡಕ್ಕೆ ಹಾಕುವುದು ನನ್ನ ಕೆಲಸ. ಲಿಸ್ಬನ್ನಿನಿಂದ ಬಂದ ಹಾಗೆ ಕಾಣುವ ಒಂದು ಪುಸ್ತಕದಲ್ಲಿ ನನ್ನ ಅಜ್ಜಿಯ ವರತಿ ಇದೆ ಅಂತ ನಾನು ಅಂದುಕೊಂಡಿರಲೇ ಇಲ್ಲ. ಅಂಕಿಯಲ್ಲಿ ತಪ್ಪಿದವನು ನೀರಿನಲ್ಲಿ ತಪ್ಪಿಲ್ಲ.

ಮುತ್ತಿಗೆಯ ಭಾಗವನ್ನು ಮೊನ್ನೆ ಓದುತ್ತಿದ್ದಾಗ ನಮ್ಮ ಹಮಾಲ ಕಾಕಾ ಎದ್ದು ಬಂದು ಗಡಿಗೆಯಿಂದ ನೀರು ಕುಡಿದು ಪಕ್ಕದಲ್ಲಿ ಕೂತರು. "ಏನ್ ಓದಾಕತ್ತಿದಿ ತಮ್ಮಾ, ದಿನಾ ಅದನ್ನs ನೋಡ್ತಿ" ಅಂದರು. ನಮ್ಮ ಕೋಟೆ ಕಥೆ ಅಂದೆ. ಅವರಿಗೆ ಕೋಟೆ ಗೊತ್ತು, ಬಸ್ ಸ್ಟ್ಯಾಂಡಿಗೆ ಹೋಗಿ ಬರುವಾಗೆಲ್ಲ ನೋಡುವುದೇ. ಗೋಡೆಯಲ್ಲಿರುವ 41 ಅಡಿ ಉದ್ದದ ಕಲ್ಲೂ ಗೊತ್ತು. 1294ರ ಶಾಸನ ಇರುವ ಕಲ್ಲು ಅದು. ಅದರ ಹತ್ತಿರವೇ, ಅಂಥ ಕಲ್ಲನ್ನು ಬಂಡಿಗೆ ಹೇರಿ ಸಾಲು ಕೋಣಗಳು ಎಳೆಯುವ ಚಿತ್ರ ಕೆತ್ತಿದ್ದಾರೆ. ನಾನು ಅವರಿಗೆ ಕಲ್ಲಿನದೇ ಕಥೆ ಹೇಳಿದೆ. ರಾಯರ ನಾಯಕರು ಕೋಟೆ ಗೋಡೆ ಕೆಡವಲು ಒಂದು ಉಪಾಯ ಮಾಡಿದರಂತೆ. ಸೈನಿಕರು ಗೋಡೆಯಿಂದ ಕಿತ್ತು ತಂದ ಕಲ್ಲನ್ನು ದುಡ್ಡು ಕೊಟ್ಟು ಕೊಳ್ಳುವುದು. ಕಲ್ಲಿನ ಗಾತ್ರ ನೋಡಿ ರೇಟು, 10 ಪಣದಿಂದ 50 ಪಣದ ತನಕ. ಮೇಲಿಂದ ಬಾಣ, ಗುಂಡು, ಕಲ್ಲು ಬೀಳುತ್ತಿದ್ದರೂ ಜನ ಓಡಿ ಓಡಿ ಹೋಗಿ ಕಿತ್ತರಂತೆ, ಬಹಳ ಜನ ಸತ್ತರಂತೆ. ಗೋಡೆ ಬುಡದಲ್ಲಿ ಬಿದ್ದ ಹೆಣಗಳನ್ನು ಎಳೆದು ತರಲಿಕ್ಕೂ ದುಡ್ಡು ಕೊಟ್ಟರಂತೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರದ್ದೂ ಚೀಲಕ್ಕಿಷ್ಟು ಅನ್ನುವ ಲೆಕ್ಕದ ಕೂಲಿ. ಆಮೇಲೆ ಕೇಳಿದರು, "ಕಲ್ಲಿಗೆ ಕೊಟ್ರು, ಹೆಣ ಎಳದೋರಿಗೆ ಕೊಟ್ರು. ಸತ್ತೋರ ಮನಿಗೆ ಏನ್ ಕೊಟ್ರು?"

ನಾನು ಹಿಂದಿನ ನಾಲ್ಕು ಪುಟ ಮತ್ತೆ ತಿರುಗಿಸಿದೆ. ಮುಂದಿನ ಎರಡು ಪುಟ ಅವರಿಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಕುದುರೆ ಮಾರಲು ಬಂದ ಕ್ರಿಸ್ಟೊವಾವೊ ಫಿಗೆರೆದೊ ಅನ್ನುವವನು ತನ್ನ ಜನರ ಜೊತೆ ಬಂದೂಕು ಹಿಡಿದು ಗೋಡೆ ಮೇಲಿದ್ದವರನ್ನು ಹೊಡೆದದ್ದು, ಕೋಟೆಯ ಅಧಿಕಾರಿ ಬಗ್ಗಿ ನೋಡಲು ಹೋಗಿ ಹಣೆಗೆ ಗುಂಡು ತಾಗಿ ಸತ್ತದ್ದು, ಒಳಗಿನವರು ಶರಣಾದದ್ದು. ಎಲ್ಲ ಇತ್ತು. ಆ ನಾಲ್ಕು ಪುಟದಲ್ಲೂ ಈ ಎರಡು ಪುಟದಲ್ಲೂ ಕಾಕಾ ಕೇಳಿದ್ದು ಇರಲಿಲ್ಲ.

ರಾಯರ ಸೈನ್ಯ ಬೀಡು ಬಿಟ್ಟದ್ದು ಮಲಿಯಾಬಾದ್‌ನಲ್ಲಿ, ಊರಿನಿಂದ ಒಂದು ಗಾವುದವೂ ಇಲ್ಲ. ಅಲ್ಲಿಯ ಕಲ್ಲಿನ ಆನೆಗಳನ್ನು ನಾನು ಚಿಕ್ಕವನಿದ್ದಾಗ ನೋಡಿದ್ದೆ. ಈ ಭಾನುವಾರ ಬೆಳಿಗ್ಗೆ ಬಿಸಿಲು ಏರುವ ಮೊದಲು ಸ್ಕೂಟರ್‌ನಲ್ಲಿ ಹೋಗಿ ಬರೋಣ ಅಂತ ಕಾಕಾನೇ ಹೇಳಿದ್ದಾರೆ. ಆ ಪುಟಗಳನ್ನು ಅಲ್ಲಿ ಕೂತು ಇನ್ನೊಂದು ಸಲ ಓದಿ ಹೇಳಬೇಕಂತೆ. ಅಷ್ಟರಲ್ಲಿ ಕಷ್ಟದ ಇಂಗ್ಲಿಷ್ ಪದಗಳಿಗೆಲ್ಲ ಅರ್ಥ ಬರೆದಿಟ್ಟುಕೊಳ್ಳುತ್ತಿದ್ದೇನೆ, ಮದುಮಗಳ ಹೆಸರುಗಳನ್ನು ಬರೆದ ಅದೇ ಹಾಳೆಯ ಕೆಳಗೆ.