ಭರತದ ಪಟವೋ, ಇಳಿತದ ಪಟವೋ?

ಭೂಗೋಳದಲ್ಲಿ ಪಿಎಚ್‌ಡಿಗೆ ಸೇರಿ ಇದು ಎರಡನೇ ವರ್ಷ. ನಾನು ಶಿರಸಿಯವಳು, ಶಂಕರಹೊಂಡದ ಹತ್ತಿರ ಬೆಳೆದವಳು. ಅಘನಾಶಿನಿ ನದಿ ಹುಟ್ಟುವ ತುದಿ ಗೊತ್ತಿತ್ತು, ಸಮುದ್ರ ಸೇರುವ ತುದಿ ಗೊತ್ತಿರಲಿಲ್ಲ. ಅದಕ್ಕೇ ಕುಮಟಾ ಕಡೆಯ ಗಜನಿ ಗದ್ದೆಗಳನ್ನು ಹಿಡಿದುಕೊಂಡೆ. ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವ ಭೂಮಿ ಅದು. ಎಷ್ಟು ಗದ್ದೆ ಉಳಿದಿದೆ, ಎಷ್ಟು ಸಿಗಡಿ ಕೆರೆ ಆಗಿದೆ, ಎಷ್ಟರಲ್ಲಿ ಸುಮ್ನೆ ನೀರು ನಿಂತಿದೆ ಅಂತ ಉಪಗ್ರಹ ಚಿತ್ರ ನೋಡಿ ಅಳೆಯುವುದು ನನ್ನ ಕೆಲಸ.

ಲ್ಯಾಂಡ್‌ಸ್ಯಾಟ್ ಉಪಗ್ರಹದ ಹಳೇ ಚಿತ್ರ, ಹೊಸ ಚಿತ್ರ ಪಕ್ಕಪಕ್ಕ ಇಟ್ಟೆ. ನೀರು ಜಾಸ್ತಿ ಆಗಿದ್ದು ಕಣ್ಣಿಗೇ ಕಾಣುತ್ತಿತ್ತು. ಒಂದು ಅಧ್ಯಾಯ ಬರೆದೂ ಆಯ್ತು. ಆ ಪ್ರಿಂಟ್ ಹಿಡಿದುಕೊಂಡು ಊರಿನ ಅಜ್ಜ ಒಬ್ಬರ ಹತ್ತಿರ ಹೋದೆ. ಗದ್ದೆ ಕಟ್ಟೆ ಮೇಲೆ ಕೂತು, ಚಿತ್ರವನ್ನು ತಿರುಗಿಸಿ ತಿರುಗಿಸಿ ನೋಡಿ, ಅವರು ಕೇಳಿದ್ದು ಒಂದೇ ಮಾತು. "ತಂಗೀ, ಇದು ಭರತ ಇದ್ದಾಗ ತೆಗ್ದ ಪಟವೋ, ಇಳಿತ ಇದ್ದಾಗ ತೆಗ್ದದ್ದೋ?"

ಭರತ ಅಂದರೆ ಸಮುದ್ರದ ನೀರು ಏರುವುದು, ಇಳಿತ ಅಂದರೆ ಇಳಿಯುವುದು. ನನ್ನ ಹತ್ತಿರ ಉತ್ತರ ಇರಲಿಲ್ಲ. ಉಪಗ್ರಹ ಬರುವುದು ಬೆಳಿಗ್ಗೆ ಹೆಚ್ಚುಕಡಿಮೆ ಒಂದೇ ಹೊತ್ತಿಗೆ, ಆದರೆ ಭರತ ದಿನಾ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಒಂದು ಚಿತ್ರದಲ್ಲಿ ಕೆಸರು, ಇನ್ನೊಂದರಲ್ಲಿ ಅದೇ ಜಾಗದಲ್ಲಿ ನೀರು. ನಾನು ವರ್ಷಗಳ ಬದಲಾವಣೆ ಅಂದುಕೊಂಡದ್ದರಲ್ಲಿ ಎಷ್ಟೋ ಭಾಗ ಬರೀ ಅವತ್ತಿನ ಭರತ!

ಆ ಅಧ್ಯಾಯ ತೆಗೆದುಹಾಕಿದೆ. ಕಾರವಾರ ಬಂದರಿನ ಭರತ-ಇಳಿತದ ಪಟ್ಟಿ ಇಟ್ಟುಕೊಂಡು ಒಂದೊಂದೇ ಚಿತ್ರದ ತಾರೀಖು, ಹೊತ್ತು ತಾಳೆ ನೋಡಿದೆ, ಇಳಿತದವನ್ನು ಮಾತ್ರ ಉಳಿಸಿಕೊಂಡೆ. ತಿಂಗಳುಗಟ್ಟಲೆ ಹಿಡಿಯಿತು. ಬೇಸರ ಆಯ್ತು, ನಿಜ. ಆದರೆ ಈಗ ಬರೆದದ್ದನ್ನು ಆ ಅಜ್ಜನ ಮುಂದೆ ಧೈರ್ಯವಾಗಿ ಓದಬಲ್ಲೆ.

ಇನ್ನೊಂದು ವಿಷಯ. ಲ್ಯಾಂಡ್‌ಸ್ಯಾಟ್‌ನ ಒಂದು ಚೌಕ (ಚಿತ್ರದ ಅತಿ ಚಿಕ್ಕ ತುಣುಕು, ಪಿಕ್ಸೆಲ್) ಅಂದರೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲ, ನಮ್ಮ ಲೆಕ್ಕದಲ್ಲಿ ಸುಮಾರು 9 ಗುಂಟೆ. ಅಷ್ಟರಲ್ಲಿ ಗದ್ದೆ ಕಾಯುವ ಕಟ್ಟೆಯೇ ಕಾಣುವುದಿಲ್ಲ! 2015ರಿಂದ ಸಿಗುವ ಸೆಂಟಿನೆಲ್-2 ಉಪಗ್ರಹದ ಚಿತ್ರದಲ್ಲಿ ಒಂದು ಚೌಕ ಹೆಚ್ಚುಕಡಿಮೆ 1 ಗುಂಟೆ, ಅದರಲ್ಲೂ ಕಟ್ಟೆ ಒಡೆದ ಜಾಗ ಗೊತ್ತಾಗಲ್ಲ. ಕಟ್ಟೆ ಒಡೆದರೆ ಒಬ್ಬರ ಗದ್ದೆ ಅಲ್ಲ, ಆ ಗಜನಿ ಪೂರ್ತಿ ಉಪ್ಪುನೀರು ಕುಡಿಯುತ್ತದೆ, ಅಲ್ವಾ? ಅದನ್ನು ಬಿಟ್ಟು ನಕ್ಷೆ ಮಾಡೋಕೆ ನನಗೆ ಮನಸ್ಸಿಲ್ಲ.

ಬರುವ ಅಮಾವಾಸ್ಯೆಗೆ ದೊಡ್ಡ ಭರತ ಇರುತ್ತದೆ. ಅವತ್ತು ಜಿಪಿಎಸ್ ಹಿಡಿದು ಕಟ್ಟೆ ಉದ್ದಕ್ಕೂ ನಡೆಯುವುದು, ನೀರು ಎಲ್ಲೆಲ್ಲಿ ಒಳಗೆ ಬರುತ್ತದೆ ಅಂತ ಗುರುತು ಹಾಕುವುದು. ಅಜ್ಜನೂ ಬರ್ತೇನೆ ಅಂದಿದ್ದಾರೆ.