37.4 ಅಂದ್ರೆ ಜ್ವರ ಇಲ್ಲ ಅಂತ ಫಾರ್ಮ್ ಹೇಳಿದ ದಿನ

ವಯಸ್ಸಾದವರಿಗೆ ಜ್ವರ ಇಲ್ಲದೆಯೂ ಸೋಂಕು ಇರಬಹುದು ಅಂತ ಮೀಟಿಂಗ್‌ನಲ್ಲಿ ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ವಯಸ್ಸಾದವರ ಮೇಲೆ ಸ್ಟಡಿ ಮಾಡುವ ಯಾರಾದರೂ ಇದನ್ನು ಓದಿ, ತಮ್ಮ ಫಾರ್ಮ್ ತೆಗೆದು ಒಂದು ಸಲ ನೋಡಲಿ.

ನಮ್ಮದು ವೃದ್ಧಾಶ್ರಮಗಳಲ್ಲಿ ನಡೆಯುವ ಫಾಲೋ-ಅಪ್ ಸ್ಟಡಿ, ಅಂದರೆ ಅದೇ ಜನರನ್ನು ಮತ್ತೆ ಮತ್ತೆ ಹೋಗಿ ನೋಡುವುದು. ಪೌಷ್ಟಿಕತೆ ಒಂದು ಕಡೆ, ಉಸಿರಾಟದ ಸೋಂಕು ಇನ್ನೊಂದು ಕಡೆ. ತೂಕ, ಮೀನಖಂಡದ ಸುತ್ತಳತೆ, ಎಂಎನ್‌ಎ ಶಾರ್ಟ್ ಫಾರ್ಮ್ (ವಯಸ್ಸಾದವರ ಪೌಷ್ಟಿಕತೆ ಅಳೆಯುವ ಚಿಕ್ಕ ಪ್ರಶ್ನಾವಳಿ), ತಾಪಮಾನ, ಕೆಮ್ಮು ಇದೆಯಾ ಇಲ್ಲವಾ. ಇಷ್ಟು ಟ್ಯಾಬ್‌ಗೆ ತುಂಬಿ, ಸಂಜೆ ಸಿಂಕ್ ಮಾಡಿದರೆ ಕೆಲಸ ಮುಗೀತು.

ಆ ದಿನ ಒಬ್ಬ ಅಜ್ಜಿಯ ತಾಪಮಾನ 37.4 ಡಿಗ್ರಿ ಸೆಲ್ಸಿಯಸ್ ಬಂತು. ಕೆಮ್ಮು ಇಲ್ಲ. ಟ್ಯಾಬ್‌ನಲ್ಲಿ ಹಸಿರು ಗುರುತು. ನಮ್ಮ ಪ್ರೊಟೋಕಾಲ್‌ನಲ್ಲಿ, ಅಂದರೆ ಸ್ಟಡಿಯ ನಿಯಮಾವಳಿಯಲ್ಲಿ, ಜ್ವರ ಅಂದ್ರೆ 38 ಅಥವಾ ಅದಕ್ಕಿಂತ ಜಾಸ್ತಿ. ಬೇಸ್‌ಲೈನ್‌ನಲ್ಲಿ, ಅಂದರೆ ಸ್ಟಡಿ ಶುರುವಾದಾಗ, ಅವರ ಎಂಎನ್‌ಎ ಸ್ಕೋರ್ 12, ಅಂದರೆ ಅಲ್ಲೂ ನಾರ್ಮಲ್. ಮುಂದಿನ ಹಾಸಿಗೆಗೆ ಹೋಗಬೇಕು ಅನ್ನುವಷ್ಟರಲ್ಲಿ ಅವರನ್ನು ನೋಡಿಕೊಳ್ಳುವ ಆಯಾ ನನ್ನ ತೋಳು ಹಿಡಿದು ನಿಲ್ಲಿಸಿದರು. "ನಿನ್ನೆ ರಾತ್ರಿಯಿಂದ ಇವರು ಇವರ ಥರ ಇಲ್ಲ. ಬೆಳಗ್ಗೆ ಚಮಚ ಕೈಯಲ್ಲಿ ಹಿಡಿದು ಸುಮ್ನೆ ಕೂತಿದ್ದರು, ಒಂದು ತುತ್ತೂ ತಿನ್ನಲಿಲ್ಲ. ನನ್ನ ಹೆಸರು ಕೂಡ ತಪ್ಪಾಗಿ ಕರೆದರು."

ಟ್ಯಾಬ್ ಪಕ್ಕಕ್ಕಿಟ್ಟು ಉಸಿರು ಎಣಿಸಲು ಕೂತೆ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವ ಅಭ್ಯಾಸ ನಮ್ಮಲ್ಲಿ ಎಲ್ಲರಿಗೂ ಇದೆ, ಆದರೆ ವಯಸ್ಸಾದವರ ಉಸಿರು ಒಂದೇ ಸಮ ಇರುವುದಿಲ್ಲ, ನಡುವೆ ನಿಂತು ಮತ್ತೆ ಜೋರಾಗುತ್ತದೆ, ಹಾಗಾಗಿ ಪೂರ್ತಿ ಒಂದು ನಿಮಿಷ ಎಣಿಸಲೇಬೇಕು. ಹೊದಿಕೆಯ ಅಂಚು ಏರಿ ಇಳಿಯುವುದನ್ನೇ ನೋಡುತ್ತಾ ಎಣಿಸಿದೆ. 30 ದಾಟಿತು. 25 ಮುಟ್ಟಿದರೇ ನ್ಯುಮೋನಿಯಾ ಇರಬಹುದಾ ಅಂತ ಯೋಚಿಸಬೇಕಾದ ವಯಸ್ಸು ಅದು.

ಸೂಪರ್‌ವೈಸರ್‌ಗೆ ಫೋನ್ ಮಾಡಿದೆ. ಮೊದಲ ಪ್ರಶ್ನೆ, "ಫೀವರ್ ಕ್ರೈಟೀರಿಯಾ ಮೀಟ್ ಆಗಿದೆಯಾ?" ಇಲ್ಲ ಅಂದೆ. "ಹಾಗಾದರೆ ಆಸ್ಪತ್ರೆಗೆ ರೆಫರಲ್ ಹೇಗೆ ಹಾಕುತ್ತೀರಿ?" ನಾನು ಉಸಿರಿನ ಲೆಕ್ಕ ಹೇಳುತ್ತಿದ್ದೆ, ಅವರು ಫಾರ್ಮ್‌ನ ಸೆಕ್ಷನ್ ನಂಬರ್ ಕೇಳುತ್ತಿದ್ದರು. ಇತ್ತ ಆಯಾ ಅಜ್ಜಿಯ ಬೆನ್ನಿಗೆ ದಿಂಬು ಕೊಟ್ಟು ಎತ್ತಿ ಕೂರಿಸುತ್ತಿದ್ದರು. ತುಟಿಯ ಬಣ್ಣ ಸರಿ ಇರಲಿಲ್ಲ. ಕೊನೆಗೆ ಸೆಕ್ಷನ್ ಆಮೇಲೆ ನೋಡೋಣ ಅಂತ ಫೋನ್ ಇಟ್ಟು, ಅಲ್ಲಿನ ನರ್ಸ್‌ನ ಕರೆದು ಆಂಬುಲೆನ್ಸ್ ತರಿಸಿದೆವು. ಎಕ್ಸ್‌ರೇಯಲ್ಲಿ ನ್ಯುಮೋನಿಯಾ.

ವಯಸ್ಸಾದ ಮೈ ಎಷ್ಟೋ ಸಲ ಸೋಂಕಿಗೆ ಜೋರಾಗಿ ಬಿಸಿಯಾಗುವುದಿಲ್ಲ. ಹಲವರಲ್ಲಿ ಮೊದಲು ಕಾಣುವುದು ಊಟ ಬಿಡುವುದು, ಗಲಿಬಿಲಿ, ಬೀಳುವುದು, ಹಾಸಿಗೆ ಬಿಟ್ಟು ಏಳದೇ ಇರುವುದು. ಕೆಮ್ಮು, ಜ್ವರ ಆಮೇಲೆ ಬರಬಹುದು, ಬಾರದೆಯೂ ಇರಬಹುದು. ದೀರ್ಘಕಾಲದ ಆರೈಕೆ ಕೇಂದ್ರಗಳಿಗೆ ಅಮೆರಿಕದ ಸೋಂಕುರೋಗ ತಜ್ಞರ ಸಂಘ 2008ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ ಬಾಯಿಯ ತಾಪಮಾನ ಒಂದೇ ಸಲ 37.8 ದಾಟಿದರೂ ಜ್ವರ, ಮತ್ತೆ ಮತ್ತೆ 37.2 ದಾಟಿದರೂ ಜ್ವರ, ಅವರವರ ಮಾಮೂಲಿ ತಾಪಮಾನಕ್ಕಿಂತ 1.1 ಡಿಗ್ರಿಗೂ ಜಾಸ್ತಿ ಏರಿದರೂ ಜ್ವರ. ಈ ಅಜ್ಜಿಯ ಬೇಸ್‌ಲೈನ್ 36.2. ಆ ನಂಬರ್ ನಮ್ಮದೇ ಡೇಟಾಬೇಸ್‌ನಲ್ಲಿತ್ತು. ಆ ದಿನದ 37.4ರಿಂದ ಅದನ್ನು ಕಳೆದರೆ 1.2, ಆದರೆ ಹಾಗೆ ಕಳೆದು ನೋಡುವ ಒಂದು ಸಾಲಿನ ಕೋಡ್ ಯಾರೂ ಬರೆದಿರಲಿಲ್ಲ.

ಎಂಎನ್‌ಎ ಬಗ್ಗೆ ನನಗೆ ದೂರಿಲ್ಲ, ಒಳ್ಳೆಯ ಟೂಲ್. ಆದರೆ ಅದು ಕೇಳುವುದು ಕಳೆದ 3 ತಿಂಗಳ ಊಟದ ಬಗ್ಗೆ. ಇವತ್ತು ಬೆಳಗ್ಗೆ ತಟ್ಟೆ ಹಾಗೇ ವಾಪಸ್ ಹೋಯಿತಾ ಅಂತ ಕೇಳುವ ಕೆಲಸ ಅದರದ್ದಲ್ಲ. ಆ ಪ್ರಶ್ನೆಗೆ ನಾವು ಬೇರೆ ಜಾಗ ಇಡಬೇಕಿತ್ತು. ಪೌಷ್ಟಿಕತೆ ತಂಡದವರು ಊಟವನ್ನು ಕ್ಯಾಲರಿ ಅಂತ ನೋಡಿದರು, ಸೋಂಕಿನ ತಂಡದವರು ಊಟವನ್ನು ನೋಡಲೇ ಇಲ್ಲ. ಇನ್ನು ಆಲ್ಬುಮಿನ್ (ರಕ್ತದ ಒಂದು ಪ್ರೋಟೀನ್) ಟೆಸ್ಟ್‌ಗೆ ಮಾತ್ರ ಬಜೆಟ್ ಸಿಕ್ಕಿದೆ. ಸೋಂಕಿನ ಉರಿಯೂತ ಇದ್ದಾಗ ಆಲ್ಬುಮಿನ್ ಹೇಗೂ ಇಳಿಯುತ್ತದೆ, ಅವರು ಚೆನ್ನಾಗಿ ಉಣ್ಣುತ್ತಿದ್ದಾರಾ ಇಲ್ಲವಾ ಅಂತ ಅದು ಹೇಳುವುದಿಲ್ಲ ಅಂತ ಎಷ್ಟು ಸಲ ಬರೆದು ಕೊಟ್ಟರೂ ಬಜೆಟ್‌ನಲ್ಲಿ ಆ ಸಾಲು ಹಾಗೇ ಉಳಿದಿದೆ.

ಅಜ್ಜಿ ವಾಪಸ್ ಬಂದರು, ಅದು ದೊಡ್ಡ ಸಮಾಧಾನ. ಆದರೆ ತೂಕ ತುಂಬಾ ಇಳಿದಿತ್ತು, ಟೇಪ್ ಹಾಕಿದರೆ ಮೀನಖಂಡ 31 ಸೆಂ.ಮೀ.ಗಿಂತ ಕಡಿಮೆ. ಹಾಸಿಗೆ ಹಿಡಿದು ಮಲಗಿದರೆ ಈ ವಯಸ್ಸಿನಲ್ಲಿ ಸ್ನಾಯು ಬೇಗ ಕರಗುತ್ತದೆ, ಹಾಗೆ ಸೊರಗಿದವರಿಗೆ ಜೋರಾಗಿ ಕೆಮ್ಮಿ ಕಫ ಹೊರಗೆ ಹಾಕುವ ಶಕ್ತಿಯೂ ಇರುವುದಿಲ್ಲ, ಅಲ್ಲಿಗೆ ಮುಂದಿನ ಸೋಂಕಿಗೆ ದಾರಿ ಆಯಿತು. ಅಪೌಷ್ಟಿಕತೆ ಮತ್ತು ಸೋಂಕು ಒಂದನ್ನೊಂದು ಬೆಳೆಸುತ್ತವೆ ಅಂತ ಸ್ಕ್ರಿಮ್‌ಶಾ, ಟೇಲರ್, ಗಾರ್ಡನ್ ಅನ್ನುವ ಸಂಶೋಧಕರು 1968ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಗೆ ಬರೆದುಕೊಟ್ಟಿದ್ದಾರೆ. ನಾವು ಇನ್ನೂ ಎರಡು ತಂಡ, ಎರಡು ಫಾರ್ಮ್ ಇಟ್ಟುಕೊಂಡು ಕೂತಿದ್ದೇವೆ.

ನನಗೆ ಈಗಲೂ ಚುಚ್ಚುವುದು ಆಮೇಲೆ ಡೇಟಾ ಪರಿಶೀಲಿಸುವವರಿಂದ ಬಂದ ಕ್ವೆರಿ: "ತಾಪಮಾನ 37.4, ಜ್ವರ ಇಲ್ಲ, ಕೆಮ್ಮು ಇಲ್ಲ. ರೆಫರಲ್‌ಗೆ ಕಾರಣ ಸ್ಪಷ್ಟಪಡಿಸಿ." ಆಯಾ ಹೇಳಿದ್ದನ್ನು ಹಾಗೇ ಬರೆದೆ. ಅದು ವೇರಿಯಬಲ್ ಅಲ್ಲ, ಅಂದರೆ ಸ್ಟಡಿಯಲ್ಲಿ ಅಳೆಯುವ ಅಂಶ ಅಲ್ಲ, ಅಂತ ಕ್ವೆರಿ ಮತ್ತೆ ತೆರೆದರು. ಅಲ್ಲಾ, ಆ ಅಜ್ಜಿಗೆ ದಿನವೂ ಉಣ್ಣಿಸಿ, ಸ್ನಾನ ಮಾಡಿಸಿ, ರಾತ್ರಿ ಪಕ್ಕ ಹೊರಳಿಸುವವರ ಮಾತು ಡೇಟಾ ಅಲ್ಲದಿದ್ದರೆ ಇನ್ಯಾವುದು ಡೇಟಾ?

ಪ್ರೊಟೋಕಾಲ್ ತಿದ್ದಲು ಅಮೆಂಡ್‌ಮೆಂಟ್ ಕಳಿಸಿದ್ದೇವೆ, ಡೇಟಾ ಲಾಕ್ ಆದ ಮೇಲೆ, ಅಂದರೆ ಡೇಟಾ ಇನ್ನು ಬದಲಾಗದಂತೆ ಮುಚ್ಚಿದ ಮೇಲೆ, ನೋಡೋಣ ಅಂದಿದ್ದಾರೆ. ಅಲ್ಲಿಯವರೆಗೆ ಪ್ರತಿ ಹಾಸಿಗೆಗೂ ಒಂದು ಕಾಗದದ ಚೀಟಿ ಹಾಕಿದ್ದೇವೆ: ತಟ್ಟೆ ಪೂರ್ತಿ, ಅರ್ಧ, ಕಾಲು, ಏನೂ ಇಲ್ಲ. ಕೆಳಗೆ ಒಂದು ಸಾಲು: ಇವತ್ತು ಇವರು ಮಾಮೂಲಿನ ಹಾಗೆ ಇದ್ದಾರಾ? ತುಂಬುವವರು ಆಯಾಗಳೇ. 'ಇಲ್ಲ' ಅಂತ ಟಿಕ್ ಬಿದ್ದರೆ ಥರ್ಮಾಮೀಟರ್ ಏನೇ ಹೇಳಲಿ, ನಾವು ಕೂತು ಉಸಿರು ಎಣಿಸುತ್ತೇವೆ.