ಅಂಕೋರ್‌ಗೆ ಹೋಗಿ ಹೆಗ್ಗಣಕ್ಕೆ ಚಪ್ಪಾಳೆ ಹೊಡೆದದ್ದು

ಕಾಂಬೋಡಿಯಾದ ಸಿಯೆಮ್ ರೀಪ್‌ಗೆ ಎಲ್ಲರೂ ಹೋಗೋದು ಅಂಕೋರ್ ವಾಟ್ ನೋಡೋಕೆ. ನಾವೂ ಅದಕ್ಕೇ ಹೋಗಿದ್ದು. ಆದರೆ ತಾ ಪ್ರೋಮ್ ಗುಡಿಯ ದಾರಿಯಲ್ಲಿ ಮರದ ನೆರಳಲ್ಲಿ ಕೂತು ವಾದ್ಯ ನುಡಿಸುತ್ತಿದ್ದವರನ್ನು ನೋಡಿದ ಮೇಲೆ ಸುಮ್ನೆ ಮುಂದೆ ಹೋಗಲಾಗಲಿಲ್ಲ. ಒಬ್ಬರಿಗೆ ಕಾಲಿಲ್ಲ, ಇನ್ನೊಬ್ಬರಿಗೆ ಕಣ್ಣಿಲ್ಲ, ಎಲ್ಲರೂ ನೆಲಬಾಂಬ್‌ಗೆ ಸಿಕ್ಕವರು.

ಮಾರನೇ ದಿನ ಬಾಂಟೆಯ್ ಸ್ರೇ ಗುಡಿಗೆ ಹೊರಟೆವು. ರಾವಣ ಕೈಲಾಸ ಎತ್ತುವ ಕೆತ್ತನೆ ಇರುವ ಆ ಕೆಂಪುಕಲ್ಲಿನ ಗುಡಿಗಿಂತ ಸ್ವಲ್ಪ ಮೊದಲೇ ನೆಲಬಾಂಬ್ ಮ್ಯೂಸಿಯಂ ಸಿಗುತ್ತದೆ. ಅದನ್ನು ಕಟ್ಟಿದವರು ಅಕಿ ರಾ. ಹುಡುಗನಾಗಿದ್ದಾಗಲೇ ಖ್ಮೇರ್ ರೂಜ್ (1975ರಿಂದ 1979ರವರೆಗೆ ದೇಶ ಆಳಿದ ಕಮ್ಯುನಿಸ್ಟ್ ಬಣ) ಕೈಗೆ ಸಿಕ್ಕಿ ಬಾಂಬ್ ಹೂತವರು, ಆಮೇಲೆ ಆ ಬಣವನ್ನು ಓಡಿಸಿದ ವಿಯೆಟ್ನಾಂ ಸೈನ್ಯದ ಕಡೆಯಿಂದಲೂ ಹೂತವರು. ದೊಡ್ಡವರಾದ ಮೇಲೆ ಚಾಕು, ಕೋಲು ಹಿಡಿದು ಒಬ್ಬರೇ ಅವನ್ನೆಲ್ಲ ಕೀಳತೊಡಗಿದರು. ಕಿತ್ತ ಚಿಪ್ಪುಗಳನ್ನು ಜನ ನೋಡಲಿ ಅಂತ 1997ರಲ್ಲಿ ಮ್ಯೂಸಿಯಂ ಶುರು ಮಾಡಿದರು.

ಒಂದು ಕಡೆಯವರು ಮಾತ್ರ ಹೂತದ್ದಲ್ಲ ನೋಡಿ, ಹೊಡೆದಾಡಿದ ಎಲ್ಲರೂ ಹೂತರು. 1980ರ ದಶಕದಲ್ಲಿ ವಿಯೆಟ್ನಾಂ ಬೆಂಬಲದ ಸರ್ಕಾರದವರು ಥಾಯ್ಲೆಂಡ್ ಗಡಿಯುದ್ದಕ್ಕೂ ಕೆ5 ಅಂತ ಒಂದು ಬಾಂಬ್ ಬೇಲಿಯನ್ನೇ ಹಾಕಿಬಿಟ್ಟರು. 1979ರಿಂದ ಇಲ್ಲಿವರೆಗೆ ನೆಲಬಾಂಬ್‌ಗೂ, ಸಿಡಿಯದೆ ಉಳಿದ ಬೇರೆ ಬಾಂಬ್‌ಗಳಿಗೂ ಸಿಕ್ಕಿ ಸುಮಾರು 20,000 ಜನ ಸತ್ತಿದ್ದಾರೆ, 45,000 ಜನ ಗಾಯಗೊಂಡಿದ್ದಾರೆ. 1996 ಒಂದೇ ವರ್ಷದಲ್ಲಿ 4,300ಕ್ಕೂ ಜಾಸ್ತಿ ಜನರಿಗೆ ಏಟಾಗಿತ್ತು. ಈಗ ವರ್ಷಕ್ಕೆ ನೂರರೊಳಗೆ ಇಳಿದಿದೆ. ಸುಮ್ಮನೆ ಇಳಿಯಲಿಲ್ಲ. ಮೂವತ್ತು ವರ್ಷಕ್ಕೂ ಮಿಕ್ಕಿ ಜನ ನೆಲದ ಮೇಲೆ ಕವುಚಿ ಮಲಗಿ ಕೆದಕಿದ್ದಕ್ಕೆ ಇಳಿದದ್ದು.

ಇಷ್ಟು ನಿಧಾನ ಯಾಕೆ ಅನ್ನೋದು ನನಗೆ ಅರ್ಥವಾಗಿದ್ದು ಸಿಯೆಮ್ ರೀಪ್ ಊರೊಳಗಿನ ಅಪೋಪೋ ಕೇಂದ್ರದಲ್ಲಿ. ಅಪೋಪೋ ಅಂದರೆ ನೆಲಬಾಂಬ್ ಹುಡುಕಿ ತೆಗೆಯುವ ಒಂದು ಸಂಸ್ಥೆ. ಮೆಟಲ್ ಡಿಟೆಕ್ಟರ್‌ಗೆ ಮೊಳೆ, ಡಬ್ಬಿ, ಬಾಂಬ್ ಎಲ್ಲಾ ಒಂದೇ, ಎಲ್ಲದಕ್ಕೂ ಕೂಗುತ್ತದೆ, ಮತ್ತೆ ಕೂಗಿದ ಕಡೆಯೆಲ್ಲ ಅಲ್ಲಿ ಬಾಂಬೇ ಇದೆ ಅಂದುಕೊಂಡು ಉಸಿರು ಬಿಗಿಹಿಡಿದು ಅಗೆಯಬೇಕು. ಅದಕ್ಕೇ ಇವರು ಹೆಗ್ಗಣ ಸಾಕಿದ್ದಾರೆ! ಆಫ್ರಿಕಾದ ದೊಡ್ಡ ಜಾತಿ, ಟಾಂಜಾನಿಯಾದಲ್ಲಿ ತರಬೇತಿ. ಕಬ್ಬಿಣದ ಗೊಡವೆಯೇ ಇಲ್ಲ ಅವಕ್ಕೆ, ಬಾಂಬ್ ಒಳಗಿನ ಟಿಎನ್‌ಟಿ ಸಿಡಿಮದ್ದಿನ ವಾಸನೆ ಹತ್ತಿದರೆ ಮಾತ್ರ ನೆಲ ಕೆರೆಯುತ್ತವೆ. ತೂಕ ಕಡಿಮೆ, ಹಾಗಾಗಿ ಮೇಲೆ ಓಡಾಡಿದರೂ ಬಾಂಬ್ ಸಿಡಿಯೋದಿಲ್ಲ. ಟೆನಿಸ್ ಕೋರ್ಟ್‌ನಷ್ಟು ಜಾಗವನ್ನು ಅರ್ಧ ಗಂಟೆಯಲ್ಲಿ ಮೂಸಿ ಮುಗಿಸುತ್ತವೆ. ಡಿಟೆಕ್ಟರ್ ಹಿಡಿದವರಿಗೆ ಅದಕ್ಕೇ ನಾಲ್ಕು ದಿನ ಬೇಕಾಗಬಹುದು.

ನಮ್ಮೆದುರು ಒಂದನ್ನು ಇಬ್ಬರ ನಡುವಿನ ಹಗ್ಗಕ್ಕೆ ಕಟ್ಟಿ ಬಿಟ್ಟರು. ಅದು ಗೆರೆ ಎಳೆದ ಹಾಗೆ ಆಚೆ ಹೋಯ್ತು, ಈಚೆ ಬಂತು, ಒಂದು ಕಡೆ ನಿಂತು ಪರಪರ ಕೆರೆಯಿತು. ಕ್ಲಿಕ್ ಅಂತ ಸದ್ದು ಮಾಡಿ ಬಾಳೆಹಣ್ಣು ಕೊಟ್ಟರು. ಮನೆಯಲ್ಲಿ ಹೆಗ್ಗಣ ಕಂಡರೆ ಬೋನು ಹುಡುಕುವ ನಾವು ಅಲ್ಲಿ ಚಪ್ಪಾಳೆ ಹೊಡೆದೆವು. ಬಿಸಿಲು ತಾಗಬಾರದು ಅಂತ ಅವುಗಳ ಕಿವಿಗೆ ಸನ್‌ಸ್ಕ್ರೀನ್ ಬೇರೆ ಹಚ್ಚುತ್ತಾರಂತೆ. ಇಲ್ಲಿ ಕೆಲಸ ಮಾಡಿದ ಮಗಾವಾ ಅನ್ನೋ ಹೆಗ್ಗಣಕ್ಕೆ 2020ರಲ್ಲಿ ಬ್ರಿಟನ್‌ನ ಒಂದು ಸಂಸ್ಥೆ ಚಿನ್ನದ ಪದಕವನ್ನೇ ಕೊಟ್ಟಿತ್ತು. ಹಾಗಂತ ಎಲ್ಲ ಕೆಲಸ ಹೆಗ್ಗಣವೇ ಮಾಡೋದಿಲ್ಲ. ಅದು ತೋರಿಸಿದ ಜಾಗಕ್ಕೆ ಕೊನೆಗೆ ಮನುಷ್ಯನೇ ಹೋಗಿ ಕೂರಬೇಕು.

ನೆಲಬಾಂಬ್ ಬೇಡ ಅನ್ನುವ 1997ರ ಒಪ್ಪಂದಕ್ಕೆ ಕಾಂಬೋಡಿಯಾ ಸೇರಿದೆ, ಭಾರತ ಇನ್ನೂ ಸೇರಿಲ್ಲ. ಅಷ್ಟೆಲ್ಲಾ ನೋಡಿದ ಮೇಲೆ ಇದು ನನಗೆ ಮುಜುಗರ ಅನ್ನಿಸಿತು.

ಈ ಕೆಲಸ ಹೆಚ್ಚಾಗಿ ನಡೆಯೋದು ಹೊರದೇಶದ ದುಡ್ಡಿನಲ್ಲಿ. 2025ರಲ್ಲಿ ಅಮೆರಿಕ ನೆರವು ತಡೆದಾಗ ಹಲವು ಕಡೆ ಕೆಲಸವೇ ನಿಂತಿತ್ತು. ಹಾಗಾಗಿ ನೀವು ಹೋದರೆ ಐದನೇ ಗುಡಿ ಬಿಟ್ಟು ಈ ಎರಡು ಜಾಗಕ್ಕೆ ಟಿಕೆಟ್ ತಗೊಳ್ಳಿ. ಹೋಗಲಾಗದವರು ಅಪೋಪೋಗೆ ತಿಂಗಳಿಗೆ ಒಂದಿಷ್ಟು ಕೊಟ್ಟು ಒಂದು ಹೆಗ್ಗಣವನ್ನು ದತ್ತು ತಗೊಳ್ಳಬಹುದು. ನಾವು ಗೆಳೆಯರು ಸೇರಿ ಒಂದನ್ನು ತಗೊಂಡಿದ್ದೇವೆ.